ಮೂರನೇ ಪೈಪಿನ ನೀರು

ನಮ್ಮೂರಲ್ಲಿ ದಣಿದವರು ಮಲಗುವುದಿಲ್ಲ, ಮೈ ತೊಳೆಯುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮನೆ ಮನೆಯ ಬಚ್ಚಲಲ್ಲಿ ತಂಬಿಗೆಯ ಸದ್ದು ಶುರುವಾಗುತ್ತದೆ. ಹೊಲದಿಂದ, ಹಂಚಿನ ಭಟ್ಟಿಯಿಂದ, ಒಲೆಯ ಮುಂದಿನಿಂದ ಎದ್ದು ಬಂದವರು ನಾಲ್ಕು ತಂಬಿಗೆ ಬಿಸಿನೀರು ಹೊಯ್ದುಕೊಂಡರೆ ಸಾಕು, ದಿನದ ದಣಿವೆಲ್ಲ ಮೈ ಬಿಟ್ಟು ಇಳಿದು ತೂಬಿನೊಳಗೆ ಹೋಗಿಬಿಡುತ್ತದೆ. ಆಮೇಲೆ ಕಟ್ಟೆಯ ಮೇಲೆ ಕೂತು ನಗುತ್ತಾರೆ, ಹಾಡುತ್ತಾರೆ, ಜಗಳವನ್ನೂ ಹುರುಪಿನಿಂದ ಆಡುತ್ತಾರೆ. ಹೋದದ್ದು ಎಲ್ಲಿಗೆ ಹೋಯಿತು ಅಂತ ಕೇಳುವವರು ಕಡಿಮೆ. ಅದು ನಮ್ಮ ಹತ್ತಿರ ಬರುತ್ತದೆ.

ನಾವು ಅಂದರೆ ತೊಟ್ಟಿಯವರು. ಊರ ಕೆಳಗೆ, ಹೊಳೆ ಇನ್ನೊಂದು ಕೂಗಳತೆ ಇರುವಾಗ, ನಗರಸಭೆಯ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಬೋರ್ಡಿನ ಮೇಲೆ ಅಷ್ಟುದ್ದ ಬರೆದಿದ್ದಾರೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅದನ್ನು ಕೂಡಿಸಿ ಓದಲಿಕ್ಕೆ ಒಂದು ವಾರ ಹಿಡಿದಿತ್ತು. ಬಾಯಲ್ಲಿ ಎಲ್ಲರೂ ತೊಟ್ಟಿ ಅಂತಲೇ ಅನ್ನುವುದು. ಮೇಲಿನೂರಿಗೆ ಒಂದು, ನಮಗೆ ಒಂದು, ಕೆಳಗಿನೂರಿಗೆ ಒಂದು, ಹೀಗೆ ಹೊಳೆಯ ದಂಡೆಗೆ ಮೂರು ಊರಿಗೆ ಮೂರು ತೊಟ್ಟಿ. ಉಳಿದ ಎರಡಕ್ಕೆ ಬರುವುದು ಬರೀ ಹೊಲಸು. ನಮ್ಮದಕ್ಕೆ ಹೊಲಸಿನ ಜೊತೆ ಇದೂ ಬರುತ್ತದೆ.

ನಾಲ್ಕು ಓಣಿಯ ನೀರು ನಾಲ್ಕು ಪೈಪಿನಲ್ಲಿ ಬಂದು ಒಂದು ಕಾಲುವೆಗೆ ಬೀಳುತ್ತದೆ. ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ಜಾಲರಿ. ನಲವತ್ತೊಂದು ವರ್ಷದಿಂದ ನನ್ನ ಜಾಗ ಆ ಜಾಲರಿಯ ಮುಂದೆ. ಮೊದಲು ಎಲೆ, ಕೂದಲು, ಬಟ್ಟೆಯ ಚೂರು ಬರುತ್ತವೆ. ಅವುಗಳ ಹಿಂದೆ, ನೆನೆದ ಕಂಬಳಿಯ ಹಾಗೆ, ಬೂದು ಬಣ್ಣದ ದಣಿವು ತೆವಳಿಕೊಂಡು ಬರುತ್ತದೆ. ಅದಕ್ಕೆ ಅವಸರ ಇಲ್ಲ. ಸಂಜೆ ತೊಳೆದದ್ದು ಪೈಪಿನಲ್ಲಿ ಸರಿದು ಸರಿದು ಮಾರನೆಯ ಬೆಳಗಿನ ಬಿಸಿಲಿಗೆ ನಮ್ಮನ್ನು ಮುಟ್ಟುತ್ತದೆ. ತುದಿಗೆ ಕಬ್ಬಿಣದ ಹಲ್ಲುಗಳಿರುವ ಕೋಲು ಹಾಕಿ ಅದನ್ನು ಮೇಲಕ್ಕೆಳೆದು, ಬುಟ್ಟಿಗೆ ತುಂಬಿ, ಮರಳಿನ ಮಡಿಗೆ ಹೊತ್ತೊಯ್ದು ಬಿಸಿಲಿಗೆ ಹರವಬೇಕು. ವಾರದಲ್ಲಿ ಒಣಗಿ ಹಪ್ಪಳದ ಹಾಗಾಗುತ್ತದೆ. ಅದನ್ನು ಮೌಲಾಸಾಬ ಗಾಡಿಗೆ ತುಂಬಿಕೊಂಡು ಓಣಿ ಓಣಿ ತಿರುಗಿ ಹಿತ್ತಲಿನ ಗಿಡಗಳಿಗೆ ಗೊಬ್ಬರ ಅಂತ ಕೊಡುತ್ತಾನೆ. ಆ ಗೊಬ್ಬರ ಉಂಡ ಬದನೆ ಗಿಡ ಹೂ ಬಿಡಲಿಕ್ಕೆ ಬೇಸರ ಮಾಡುತ್ತದೆ, ಆದರೆ ಬಿಟ್ಟ ಕಾಯಿ ಬಹಳ ದಿನ ಬಾಡುವುದಿಲ್ಲ.

ವರ್ಷ ಕಳೆದ ಹಾಗೆ ಯಾರದು ಯಾವುದು ಅಂತ ಕೋಲಿಗೆ ಸಿಕ್ಕ ಭಾರದಿಂದಲೇ ತಿಳಿಯುತ್ತದೆ. ಶಾಲೆಯ ಮಾಸ್ತರರದು ತೆಳ್ಳಗೆ ಪುಡಿಪುಡಿ. ಹೊಸ ಬಾಣಂತಿಯದು ಅಗಲ, ಮೆತ್ತಗೆ, ಎಳೆದಷ್ಟೂ ಬರುತ್ತದೆ. ಕೆಲಸವಿಲ್ಲದೆ ಮನೆಯಲ್ಲಿ ಕೂತವನದು ಎಲ್ಲಕ್ಕಿಂತ ಭಾರ, ಯಾಕೋ ನನಗೆ ಇನ್ನೂ ತಿಳಿದಿಲ್ಲ. ನಮ್ಮದೂ ಬರುತ್ತದೆ. ತೊಟ್ಟಿಯ ಹಿಂದಿನ ಸಾಲುಮನೆಗಳಲ್ಲಿ ನಾವೂ ಸಂಜೆ ಮೈ ತೊಳೆಯುತ್ತೇವಲ್ಲ, ಆ ನೀರು ಒಂದನೇ ಪೈಪಿನಲ್ಲಿ ಬರುತ್ತದೆ. ನಿನ್ನೆ ನಾನು ಕಳೆದುಕೊಂಡ ದಣಿವನ್ನು ಇವತ್ತು ನಾನೇ ಎತ್ತುತ್ತೇನೆ. ಅವರವರ ಮನೆಯದು ಅವರವರೇ ಎತ್ತಬೇಕು, ಇನ್ನೊಬ್ಬರು ಕೋಲು ಹಾಕಬಾರದು ಅಂತ ನಮ್ಮಲ್ಲಿ ಮೊದಲಿನಿಂದ ಬಂದ ಮಾತು.

ಊರವರದೂ ಒಂದು ಮಾತಿದೆ. ತೊಟ್ಟಿಯವರು ಯಾರ ಮನೆಯ ಹೊಸ್ತಿಲನ್ನೂ ದಾಟಬಾರದು. ದಾಟಿದರೆ ತೊಳೆದು ಕಳಿಸಿದ್ದೆಲ್ಲ ನಮ್ಮ ಕಾಲಿಗೆ ಅಂಟಿಕೊಂಡು ವಾಪಸು ಬರುತ್ತದಂತೆ. ಕೆಟ್ಟ ಜನ ಅಲ್ಲ, ಕಟ್ಟೆಯ ಮೇಲೆ ಕೂಡಿಸಿ ನೀರು ಕೊಡುತ್ತಾರೆ, ಹಬ್ಬಕ್ಕೆ ಹೋಳಿಗೆ ಕೊಡುತ್ತಾರೆ. ಬಾಗಿಲ ಒಳಗೆ ಮಾತ್ರ ಕರೆಯುವುದಿಲ್ಲ.

ನನ್ನ ತಂಗಿ ಹುಲಿಗೆವ್ವ ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಕೋಲು ಎಳೆದವಳು. ಬುಟ್ಟಿಯನ್ನು ಯಾವಾಗಲೂ ಎಡ ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದಳು, ಬಲಕ್ಕೆ ಇಡು ಅಂದರೆ ಕೇಳುತ್ತಿರಲಿಲ್ಲ. ತೊಟ್ಟಿಯ ಚಪ್ಪರಕ್ಕೆ ಹಂಚು ಹೊದಿಸಲು ಬಂದ ಶಿವರುದ್ರ ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. ಅವನ ತಾಯಿ ಇವಳನ್ನು ಹೊಳೆಯಲ್ಲಿ ಏಳು ಸಲ ಮುಳುಗಿಸಿ ಹಂಚಿನ ಓಣಿಯ ಮನೆಗೆ ಕರೆದುಕೊಂಡಳು. ಒಂದೇ ಕರಾರು: ಒಳಗೆ ಬಂದವಳು ಮತ್ತೆ ತೊಟ್ಟಿಯ ಕಡೆ ಹೆಜ್ಜೆ ಇಡಕೂಡದು. ಹುಲಿಗಿ ಹೂಂ ಅಂದಳು, ನಾನೂ ಹೂಂ ಅಂದೆ. ಅದಕ್ಕೀಗ ಮೂವತ್ತು ವರ್ಷ. ಮೊದಮೊದಲು ಮಂಗಳವಾರದ ಸಂತೆಯಲ್ಲಿ ರಸ್ತೆಯ ಆಚೆಗೆ ಅವಳು, ಈಚೆಗೆ ನಾನು ನಿಂತು ಮಾತಾಡುತ್ತಿದ್ದೆವು. ಆಮೇಲೆ ಗಂಡ ತೀರಿಕೊಂಡ, ಮೊಣಕಾಲು ಹಿಡಿಯಿತು, ಆರು ವರ್ಷದ ಹಿಂದೆ ಅವಳು ಸಂತೆಗೆ ಬರುವುದೂ ನಿಂತಿತು.

ಮಾತು ನಿಂತರೂ ಮೂರನೇ ಪೈಪು ನಿಲ್ಲಲಿಲ್ಲ. ಹಂಚಿನ ಓಣಿಯ ನೀರು ಬರುವುದು ಅದರಲ್ಲೇ. ಹುಲಿಗಿಯ ದಣಿವಿಗೆ ಎಡ ಮಗ್ಗುಲಲ್ಲಿ ಒಂದು ಗಂಟು. ಕೋಲಿಗೆ ಆ ಗಂಟು ತಾಗಿದರೆ ಸಾಕು, ನನಗೆ ತಿಳಿಯುತ್ತಿತ್ತು. ಮಗನ ಮದುವೆ ಮಾಡಿದ ವಾರ ಅದು ಬುಟ್ಟಿ ತುಂಬಿತ್ತು. ಗಂಡ ಹೋದ ತಿಂಗಳು ಕಲ್ಲಾಗಿತ್ತು. ಕಾಗದ ಬರೆಯುವುದು ಅವಳಿಗೂ ಬಾರದು, ಓದುವುದು ನನಗೂ ಅಷ್ಟಕ್ಕಷ್ಟೆ. ನಮಗೆ ಇದೇ ಕಾಗದ ಆಗಿತ್ತು. ಮದುವೆಯಾಗಿ ಹೋದ ಮೇಲೆ ಅವಳದು ನಮ್ಮ ಮನೆಯದಲ್ಲ, ಯಾರು ಬೇಕಾದರೂ ಎತ್ತಬಹುದು. ಆದರೂ ನಾನಿರುವಾಗ ಬೇರೆಯವರಿಗೆ ಬಿಟ್ಟವಳಲ್ಲ.

ಈ ವರ್ಷ ಚಳಿ ಶುರುವಾದಾಗ ನಾನು ಕಾಲುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ನಡ ಹಿಡಿದದ್ದು ಬಿಡಲಿಲ್ಲ. ಹಳೆ ಸೀರೆಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಕೆಲಸಕ್ಕೆ ನಿಂತೆ. ಹೀಗೆ ತಿಂಗಳೊಂದು ಕಳೆದಿರಬೇಕು, ಒಂದು ಬೆಳಿಗ್ಗೆ ಮೂರನೇ ಪೈಪಿನಲ್ಲಿ ಹುಲಿಗಿಯದು ಬರಲಿಲ್ಲ.

ಮೈಯಲ್ಲಿ ಹುಷಾರಿಲ್ಲದೆ ಸ್ನಾನ ಬಿಟ್ಟಿರಬೇಕು ಅಂದುಕೊಂಡೆ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅವಳ ಸೊಸೆಯದು ಬಂತು, ಮಗನದು ಬಂತು, ಅಕ್ಕಪಕ್ಕದ ಮನೆಯವರದೆಲ್ಲ ಬಂತು, ಅವಳದಿಲ್ಲ. ನಾಲ್ಕನೆಯ ದಿನ ನಾನು ಮೂರನೇ ಪೈಪಿನ ಬಾಯಿಯನ್ನೇ ನೋಡುತ್ತ ನಿಂತವಳು ಉಳಿದ ಮೂರು ಪೈಪುಗಳನ್ನು ಮರೆತೆ. ಬಂದದ್ದೆಲ್ಲ ಜಾಲರಿಯ ಮೇಲೆ ಹತ್ತಿ ಹಾಯ್ದು ಹೊಳೆಗೆ ಹೋಯಿತು. ಮಾರನೆಯ ದಿನ ಮೇಸ್ತ್ರಿ ಗುರುಪಾದಪ್ಪ ಒಂದು ಕಾಗದ ಹಿಡಿದುಕೊಂಡು ಬಂದ.

"ದುರುಗವ್ವಾ, ನಿನ್ನೆ ಕೆಳಗಿನೂರಾಗ ಮಧ್ಯಾಹ್ನ ಮಲಗಿದವರು ಸಂಜಿ ತನಕಾ ಯಾರೂ ಎದ್ದಿಲ್ಲಂತ. ಸಾಲಿ ಗಂಟಿ ಹೊಡ್ಯಾಂವಾ ಗಂಟಿ ಕೆಳಗs ಮಲಗಿದ್ನಂತ. ಇದಕ್ಕ ನಾ ಏನಂತ ಜವಾಬು ಬರೀಲಿ?"

"ತಪ್ಪಾತು ಮೇಸ್ತ್ರಿ. ಲಕ್ಷ್ಯ ಬ್ಯಾರೆ ಕಡೆ ಇತ್ತು."

"ನಿನಗ ವಯಸ್ಸಾತವ್ವಾ. ಇನ್ನೊಮ್ಮೆ ಹಿಂಗಾದ್ರ ಜಾಲರಿ ಬಿಡಿಸಿ ಗೇಟಿನಾಗ ಕುಂಡ್ರಸ್ತೀನಿ. ಬಂದವರಿಗೆ ನಮಸ್ಕಾರ ಮಾಡಿದ್ರ ಆತು, ಆರಾಮ ಕೆಲಸ."

ಅವನು ಒಳ್ಳೆಯದಕ್ಕೇ ಹೇಳಿದ್ದ. ಗೇಟಿನಲ್ಲಿ ಕೂತರೆ ನನಗೆ ಮೂರನೇ ಪೈಪು ಕಾಣುವುದಿಲ್ಲ ಅಂತ ಅವನಿಗೇನು ಗೊತ್ತು.

ಆರನೆಯ ದಿನ ಮೌಲಾಸಾಬನನ್ನು ಹಂಚಿನ ಓಣಿಗೆ ಕಳಿಸಿದೆ. ಬಾಯಿ ಮುಚ್ಚಿ ಕೂತವನಲ್ಲ ಮೌಲಾ. ಅವನ ಗಾಡಿಯ ಗಾಲಿಗಿಂತ ಅವನ ನಾಲಿಗೆಯೇ ಹೆಚ್ಚು ತಿರುಗುತ್ತದೆ. ಅವತ್ತು ವಾಪಸು ಬಂದವನು ಎತ್ತು ಬಿಚ್ಚುವ ತನಕ ಏನೂ ಮಾತಾಡಲಿಲ್ಲ.

"ಮೌಲಣ್ಣ, ಏನಾತು?"

"ಬಾಗಲ ಹಾಕಿತ್ತೆವ್ವಾ. ಕೂಗಿದೆ. ಯಾರೂ ಓ ಅನಲಿಲ್ಲ."

"ಒಲಿ ಹೊಗಿ ಇತ್ತೇನು?"

"ನಾ ಗೊಬ್ಬರ ಮಾರಾಂವಾ, ಹೊಗಿ ನೋಡಾಂವಾ ಏನು?" ಅಂದ. ಆಮೇಲೆ ಎತ್ತಿನ ಹಗ್ಗ ಕೈಯಲ್ಲಿ ಹಿಡಿದುಕೊಂಡೇ, ನನ್ನ ಕಡೆ ನೋಡದೆ, "ಹೊಗಿ ಇರಲಿಲ್ಲ" ಅಂದ.

ಎಂಟನೆಯ ದಿನ ಆ ಮನೆಯ ಮಗನದೂ ಬರಲಿಲ್ಲ, ಸೊಸೆಯದೂ ಬರಲಿಲ್ಲ. ಒಂಬತ್ತನೆಯ ದಿನ ಕೋಲನ್ನು ಮೌಲಾನ ಕೈಗೆ ಕೊಟ್ಟು, ಮೇಸ್ತ್ರಿಗೆ ಅರ್ಧ ದಿನ ಬೇಕು ಅಂತ ಹೇಳಿ ಹೊರಟೆ. ನಲವತ್ತೊಂದು ವರ್ಷದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು, ಅವನು ಯಾಕೆ ಅಂತಲೂ ಅನ್ನಲಿಲ್ಲ. ಹಂಚಿನ ಓಣಿಗೆ ಏರು ದಾರಿ. ಮೂರು ಕಡೆ ಕೂತು ಸುಧಾರಿಸಿಕೊಂಡು ಹತ್ತಿದೆ. ಎದುರಿಗೆ ಬಂದವರು ಒಂದು ಮಾರು ಸರಿದು, ಆರಾಮೇನವ್ವಾ ಅಂತ ಕೇಳಿ ಹೋದರು. ಅವರ ಮುಖಗಳೆಲ್ಲ ಬೆಳಗಿ ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು.

ಬಾಗಿಲು ಬಡಿದೆ. ಬಹಳ ಹೊತ್ತಿನ ಮೇಲೆ ಸೊಸೆ ರೇಣವ್ವ ತೆರೆದಳು. ತೆರೆದವಳು ಬಾಗಿಲಿಗೇ ಒರಗಿ ನಿಂತಳು.

"ಯಾರು... ದೊಡ್ಡವ್ವ ಏನ್ರಿ?"

"ಹುಲಿಗಿ ಅದಾಳೇನವಾ?"

ಆ ಹುಡುಗಿ ಬಾಯಿ ತೆರೆದಳು. ಉತ್ತರದ ಬದಲು ಒಂದು ಉದ್ದ ಆಕಳಿಕೆ ಬಂತು. ಅದು ಮುಗಿಯುವ ತನಕ ನಾನು ನಿಂತ ರೀತಿ ದೇವರಿಗೇ ಗೊತ್ತು.

"ಅದಾರ್ರಿ. ಬಚ್ಚಲದಾಗ ಕುಂತಾರ. ಎಂಟೊಂಬತ್ತು ದಿನ ಆತು ಮೈ ತೊಳದ ನೀರು ಹೊರಗ ಬಿಡವಲ್ರು, ದೊಡ್ಡವ್ವ. ಮೊದಲು ತಮ್ಮದಷ್ಟs ತುಂಬಿಡತಿದ್ರು, ಈಗ ಎರಡು ದಿನ ಆತು ತೂಬಿಗೇ ಅರಿವಿ ತುರುಕಿ ಕುಂತಾರ. ಕೊಡ, ಹಂಡೆ, ಬಿಂದಿಗಿ, ಎಲ್ಲಾದರಾಗೂ ಅದs ನೀರು. ಸಾರಿನ ಗಡಿಗಿ ಸುದ್ದಾ ಬಿಟ್ಟಿಲ್ಲ. ಮೊದಲು ಅವರೊಬ್ಬರs ಮಂಕಾಗಿದ್ರು. ಈಗ ಮನಿ ಮನೀನs ಏಳವಲ್ದು. ನನ್ನ ಗಂಡ ಮೂರು ದಿನ ಆತು ಭಟ್ಟಿಗೆ ಹೋಗಿಲ್ಲ, ಚಪ್ಪಲಿ ಹಾಕ್ಕೊಳ್ಳಾಕ ಕುಂತಾಂವಾ ಹಂಗs ಕುಂತಾನ. ಒಲಿ ಹಚ್ಚೋಣಂದ್ರ ಕಡ್ಡಿ ಗೀರಾಕ ಕೈ ಏಳವಲ್ದು."

"ಹುಲಿಗಿ ಉಂಡಾಳೇನು?"

"ನಾಕು ದಿನ ಆತು. ತುತ್ತು ಎತ್ತತಾರ. ಬಾಯಿತನಕಾ ಕೈ ಹೋಗೂದಿಲ್ಲ."

ಅವಳ ಹಿಂದೆ ನಡುಮನೆಯಲ್ಲಿ ಸಾಲಾಗಿ ತುಂಬಿದ ಕೊಡಗಳು ಕಂಡವು. ಒಂದರ ಪಕ್ಕದಲ್ಲಿ ಬೆಕ್ಕು ಮಲಗಿತ್ತು, ಅದರ ಮೂಗಿನ ಮುಂದೆಯೇ ಒಂದು ಇಲಿಯೂ ಮಲಗಿತ್ತು. ರೇಣವ್ವ "ಒಳಗ..." ಅಂದವಳು ಅಲ್ಲಿಗೇ ನಿಂತಳು. ಅವಳ ಕಣ್ಣು ಹೊಸ್ತಿಲ ಮೇಲೆ ಹೋಯಿತು. ಪಾಪ, ಹುಡುಗಿ ಅಷ್ಟು ದಣಿವಿನಲ್ಲೂ ಅದನ್ನು ಮರೆತಿರಲಿಲ್ಲ.

"ಬ್ಯಾಡ ಬಿಡವಾ" ಅಂದೆ. "ಬಚ್ಚಲ ತೂಬು ಯಾವ ಕಡೆ ಬಿದ್ದೈತಿ?"

ಮನೆಯ ಮಗ್ಗುಲ ಸಂದಿಯಲ್ಲಿ, ಗೋಡೆಯ ಬುಡಕ್ಕೆ, ಒಂದು ಅಂಗೈ ಅಗಲದ ತೂತು. ಅದರ ಕೆಳಗಿನ ಮೋರಿ ಒಣಗಿ ಬಿರುಕು ಬಿಟ್ಟಿತ್ತು. ನಡ ಬಗ್ಗದು. ಗೋಡೆ ಹಿಡಿದು ಮೆಲ್ಲಗೆ ಕೂತೆ, ಆಮೇಲೆ ಮಗ್ಗುಲಿಗೆ ಒರಗಿ ಬಾಯಿಯನ್ನು ತೂಬಿನ ಹತ್ತಿರ ತಂದೆ.

"ಹುಲಿಗೀ."

ಒಳಗೆ ಏನೋ ಸರಿದಂತಾಯಿತು.

"ಅಕ್ಕಾ? ನಡ ನೋವು ಇದ್ದಾಕಿ ಇಷ್ಟು ದೂರ ಯಾಕ ಬಂದಿ?"

ಆರು ವರ್ಷಕ್ಕೆ ಕೇಳಿದ ದನಿ. ಅರ್ಧ ನೀರಿನೊಳಗಿಂದ ಬಂದ ಹಾಗಿತ್ತು.

"ನನ್ನ ನಡದ ಸುದ್ದಿ ನಿನಗ ಯಾರು ಹೇಳಿದ್ರು?"

"ಮೌಲಣ್ಣ. ಗೊಬ್ಬರ ಕೊಡಾಕ ಬಂದಾಂವಾ ಕಟ್ಟಿ ಮ್ಯಾಲ ಕುಂತು ನಕ್ಕೋತ ಹೇಳಿದ. ನಿಮ್ಮಕ್ಕ ಕುಡಗೋಲಾಗ್ಯಾಳ, ಒಂದು ಹಿಡಿಕಿ ಹಾಕಿದ್ರ ಹುಲ್ಲು ಕೊಯ್ಯಬಹುದು ಅಂದ."

"ಅದಕ್ಕ ತೂಬು ಮುಚ್ಚೀಯೇನು?"

"ಮತ್ತೇನು ಮಾಡ್ಲಿ? ಉಳದ ಮಂದಿಗೆ ಏನು ಗೊತ್ತು, ತಂಬಿಗಿ ಸುರೀತಾರ, ಮರೀತಾರ. ನಾ ಹನ್ನೊಂದು ವರ್ಷ ಎಳದಾಕಿ. ತಂಬಿಗಿ ಎತ್ತಿದಾಗೊಮ್ಮೆ ನಿನ್ನ ನಡ ಕಾಣತಿತ್ತು. ನನ್ನದೊಂದರ ಭಾರ ಆದರೂ ಕಡಿಮಿ ಆಗಲಿ ಅಂದೆ."

ಊರಲ್ಲಿ ಸಾವಿರ ಮನೆ. ಬೇರೆ ಯಾರಿಗೂ ಹೊಳೆಯದ ತಪ್ಪು ಇದು. ಕೋಲು ಹಿಡಿದವರಿಗೆ ಮಾತ್ರ ಹೊಳೆಯುವಂಥದ್ದು.

"ನಿಂದೇನು ಭಾರ ಇಲ್ಲ. ಹತ್ತಿ ಇದ್ದಂಗ ಬರತೈತಿ" ಅಂದೆ.

ಒಳಗೆ ನಕ್ಕಳು. ನಕ್ಕದ್ದಕ್ಕೇ ಏದುಸಿರು ಬಂತು. "ಸುಳ್ಳು ಹೇಳೂದು ನಿನಗ ಆಗಲೂ ಬರತಿದ್ದಿಲ್ಲ. ಎಡಕ್ಕ ಗಂಟು ಐತಿಲ್ಲ?"

"ಐತಿ."

"ಮತ್ತ?"

"ಮತ್ತೇನಿಲ್ಲ. ಆ ಗಂಟು ಕೋಲಿಗೆ ತಾಗಿದ್ರ ನೀ ಅದಿ ಅಂತ ತಿಳೀತಿತ್ತು. ಒಂಬತ್ತು ದಿನ ತಾಗಿಲ್ಲ. ಇವತ್ತು ಏರು ಹತ್ತಿ ಬರೂವಾಗ, ನಿಮ್ಮ ಮನಿ ಮುಂದ ಮಂದಿ ಕೂಡ್ಯಾರೇನೋ ಅಂತ ನೋಡ್ಕೋತ ಬಂದೆ, ಹುಲಿಗಿ."

ಸಂದಿಯಲ್ಲಿ ಬಿಸಿಲು ಒಂದು ಗೇಣು ಸರಿಯಿತು. ಅವಳಿಗೆ ನಿದ್ದೆ ಬಂತೇನೋ ಅಂತ ಹೆದರಿಕೆಯಾಯಿತು. ಇನ್ನೊಂದೆರಡು ದಿನ ಹೀಗೇ ಬಿಟ್ಟರೆ ಅವಳನ್ನು ಎಬ್ಬಿಸುವುದು ಯಾರಿಂದಲೂ ಆಗದು ಅಂತ ನನಗೆ ಗೊತ್ತಿತ್ತು. ಹೊಸ್ತಿಲು ದಾಟಬಾರದು ಅಂದಿದ್ದರು. ತೂಬಿನ ವಿಷಯ ಯಾರೂ ಏನೂ ಅಂದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಳನ್ನು ತೂಬಿನೊಳಗೆ ಹಾಕಿದೆ. ಮೊಣಕೈ ತನಕ ಹೋದಾಗ ಅರಿವೆಯ ಉಂಡೆ ಬೆರಳಿಗೆ ಸಿಕ್ಕಿತು. ಹಿಡಿದು ಎಳೆದೆ. ಬರಲಿಲ್ಲ. ಆ ಕಡೆಯಿಂದ ಯಾರೋ ಹಿಡಿದಿದ್ದರು.

ಅರಿವೆಯ ಸಂದಿಯಲ್ಲಿ ಬೆರಳು ತೂರಿಸಿದೆ. ಅವಳ ಕೈ ಸಿಕ್ಕಿತು. ಮೂವತ್ತು ವರ್ಷಕ್ಕೆ ಮುಟ್ಟಿದ್ದು. ಅಂಗೈಯ ಜಡ್ಡು ಹೋಗಿ ಮೆತ್ತಗಾಗಿತ್ತು, ನೀರಲ್ಲಿ ಕೂತು ಕೂತು ಬೆರಳ ತುದಿಯೆಲ್ಲ ಸುಕ್ಕಾಗಿತ್ತು.

"ಬಿಡs."

"ಒಂದೇ ಸಲಕ್ಕ ಬ್ಯಾಡ ಅಕ್ಕಾ. ದಿನಕ್ಕೊಂದು ಕೊಡ ಬಿಡ್ತೀನಿ. ಎಲ್ಲಾ ಒಮ್ಮೆಲೆ ಬಂದ್ರ ನಿನ್ನ ನಡ ಮುರೀತೈತಿ."

"ಮುರದ್ರ ಗೇಟಿನಾಗ ಕುಂಡ್ರತೀನಿ. ಮೇಸ್ತ್ರಿ ಜಾಗಾ ತೋರಿಸ್ಯಾನ. ಇವತ್ತs ಎಲ್ಲಾ ಸುರಿ. ನಾಳಿ ಮುಂಜಾನಿ ನಾ ಜಾಲರಿ ಮುಂದ ಇರತೀನಿ."

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಎಣಿಸಿಕೊಂಡ ಹಾಗೆ. ಆಮೇಲೆ ಅರಿವೆ ಬಿಟ್ಟಳು.

ಅರಿವೆ ಬಂದ ಹಿಂದೆಯೇ ನೀರು ಬಂತು, ನಮ್ಮಿಬ್ಬರ ಕೈ ಮೇಲೆ ಹಾಯ್ದು ಮೋರಿಗೆ ಬಿತ್ತು. ನನ್ನ ತೋಳು ಮೊಣಕೈ ತನಕ ಮಲಗಿಬಿಟ್ಟಿತು. ಒಳಗಿನಿಂದ ರೇಣವ್ವ ಕೊಡ ದಬ್ಬಿಕೊಂಡು ಬರುವ ಸದ್ದು ಕೇಳಿತು. ಮೊದಲನೆಯ ಕೊಡಕ್ಕೆ ಅವಳು ನಾಲ್ಕು ಸಲ ನಿಂತಳು. ಐದನೆಯದನ್ನು ಎತ್ತಿಯೇ ತಂದಳು. ಕೊನೆಗೆ ಸಾರಿನ ಗಡಿಗೆ ಸುರಿಯುವಾಗ, "ಇದರಾಗ ಇನ್ನ ಹೆಂಗ ಸಾರು ಮಾಡ್ಲಿ ಅತ್ತಿ, ನೀವs ಹೇಳ್ರಿ" ಅಂತ ಜಗಳ ತೆಗೆದಳು. ಆ ದನಿ ಕೇಳಿ ನನಗೆ ಎದೆ ಹಗುರಾಯಿತು. ಒಳಗೆಲ್ಲೋ ಬೆಕ್ಕಿನ ಸದ್ದಾಯಿತು, ಇಲಿಯ ಗತಿ ಏನಾಯಿತೋ ತಿಳಿಯದು.

"ಅಕ್ಕಾ" ಅಂದಳು ಹುಲಿಗಿ ತೂಬಿನಿಂದ. "ಹಸಿವಾಗಾಕ ಹತ್ತೈತಿ."

ವಾಪಸು ಬರುವಾಗ ಇಳಿಜಾರಾದರೂ ಹೊತ್ತು ಬಹಳ ಹಿಡಿಯಿತು. ಸಂಜೆ ಒಂದು ಕೈಯಲ್ಲೇ ತಂಬಿಗೆ ಹಿಡಿದು ಮೈ ತೊಳೆದುಕೊಂಡೆ. ಆ ದಿನದ ಏರು, ಹೆದರಿಕೆ, ಸಂದಿಯಲ್ಲಿ ಕೂತದ್ದು, ಎಲ್ಲ ಇಳಿದು ತೂಬಿಗೆ ಹೋಯಿತು. ನಡದ ನೋವು ಮಾತ್ರ ಉಳಿಯಿತು. ನೋವು ನೀರಿಗೆ ಹೋಗುವುದಿಲ್ಲ.

ಬೆಳಿಗ್ಗೆ ಸೂರ್ಯ ಏಳುವಾಗ ಜಾಲರಿಯ ಮುಂದೆ ನಿಂತೆ. ಮೌಲಾಸಾಬ ಗಾಡಿ ಹೂಡದೆ ಬಂದು ಪಕ್ಕದಲ್ಲಿ ನಿಂತ. ನಾನು ಅವನ ಮುಂದೆ ಕುಡಗೋಲಿನ ಮಾತು ಎತ್ತಿರಲಿಲ್ಲ. ಹಂಚಿನ ಓಣಿಯಿಂದ ಸುದ್ದಿ ಅವನಿಗೆ ಮುಟ್ಟಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು.

ಮೂರನೇ ಪೈಪು ಮೊದಲು ಗೊರ ಗೊರ ಅಂದಿತು. ಆಮೇಲೆ ಬಂತು. ಒಂಬತ್ತು ದಿನದ್ದು ಒಂದಕ್ಕೊಂದು ಹೆಣೆದುಕೊಂಡು, ಕಾಲುವೆಯ ಅಗಲಕ್ಕೂ ಬಂತು. ಜಾಲರಿಗೆ ತಾಗಿದಾಗ ಕಬ್ಬಿಣ ಕಿರ್ ಅಂದಿತು. ಕೋಲು ಹಾಕಿದೆ. ಎಡ ಮಗ್ಗುಲಲ್ಲಿ ಗಂಟು, ಒಂದಲ್ಲ, ಸಾಲಾಗಿ ಒಂಬತ್ತು. ಎಳೆದೆ, ನಡ ಕಚ್ಚಿಕೊಂಡಿತು, ಕಣ್ಣಿಗೆ ಕತ್ತಲೆ ಬಂತು.

"ಕೊಡು ಯವ್ವಾ ಕೋಲು" ಅಂದ ಮೌಲಾ. "ನನ್ನ ಬಾಯಿಂದs ಆದದ್ದು. ನಾ ಎಳೀತೀನಿ."

"ಮುಟ್ಟಬ್ಯಾಡ" ಅಂದೆ. "ನಮ್ಮ ಮನೀದು."

ಮೌಲಾ ಕೈ ಹಿಂದಕ್ಕೆ ತೆಗೆದುಕೊಂಡ. ದೂರ ನಿಂತಿದ್ದ ಮೇಸ್ತ್ರಿಗೂ ಕೇಳಿಸಿರಬೇಕು. ಹಂಚಿನ ಓಣಿಯದು ನಿಮ್ಮದು ಹೆಂಗಾತು ಅಂತ ಅವನು ಕೇಳಬಹುದಿತ್ತು, ಕೇಳಲಿಲ್ಲ. ಒಂದು ಎಳೆ ಎಳೆಯುವುದು, ಕಟ್ಟೆಗೆ ಒರಗಿ ನಿಲ್ಲುವುದು, ಮತ್ತೊಂದು ಎಳೆ. ಬಿಸಿಲು ನೆತ್ತಿಗೆ ಬಂದರೂ ಅರ್ಧ ಕಾಲುವೆ ಹಾಗೇ ಇತ್ತು. ಆ ಹೊತ್ತಿಗೆ ಒಂದನೇ ಪೈಪಿನಿಂದ ನನ್ನದೂ ತೆವಳಿಕೊಂಡು ಬಂದು ಅದರ ಜೊತೆ ಸೇರಿತು. ಹುಲಿಗಿಯ ಗಂಟುಗಳಿಗೆ ನನ್ನದು ಸುತ್ತಿಕೊಂಡಿತು. ಎಲ್ಲಿ ಅವಳದು ಮುಗಿಯಿತು, ಎಲ್ಲಿ ನನ್ನದು ಶುರುವಾಯಿತು ಅಂತ ಕೋಲಿಗೆ ತಿಳಿಯಲಿಲ್ಲ.

ಬೇರೆ ದಿನವಾಗಿದ್ದರೆ ಬಿಡಿಸಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದೆ. ಅವತ್ತು ಹಾಗೆಯೇ ಒಂದೇ ಮಡಿಯಲ್ಲಿ ಹರವಿದೆ. ಬಿಡಿಸುವಷ್ಟು ತ್ರಾಣ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ.